ಹಲ್ಲಿನ ಸಂದಿನ ಗಸಗಸೆ

ಲೈಲ್ ಕುಬಿಚೆಕ್ ಆ ಭಾನುವಾರ ತನ್ನ ಪಾಲಿನ ಸಾಸೇಜು ತಿಂದು ಸುಮ್ಮನೆ ಮನೆಗೆ ಹೋಗಿದ್ದರೆ ಅವನ ಹೆಂಡತಿಗೆ ಸವತಿಯ ಅನುಮಾನ ಹುಟ್ಟುತ್ತಿರಲಿಲ್ಲ, ಕಾಲೇಜಿನ ಕ್ರೀಡಾ ನಿರ್ದೇಶಕರು ತಮ್ಮ ಹಲ್ಲಿನ ವಿಚಾರದಲ್ಲಿ ನೊಂದುಕೊಳ್ಳುತ್ತಿರಲಿಲ್ಲ, ಅಯೋವಾ ರಾಜ್ಯದ ವಾಲ್ನಟ್ ಫೋರ್ಡ್ ಊರಿನ ಜನ ಒಂದಿಡೀ ಚಳಿಗಾಲ ಬಾಯಿ ಮುಚ್ಚಿಕೊಂಡು ನಗಬೇಕಾದ ಪ್ರಸಂಗವೂ ಬರುತ್ತಿರಲಿಲ್ಲ. ಆದರೆ ಸುಮ್ಮನಿರುವುದು ಲೈಲ್‌ನ ಹಣೆಯಲ್ಲಿ ಬರೆದಿರಲಿಲ್ಲ.

ಅವನು ಆ ಊರಿನ ಪುಟ್ಟ ಕಾಲೇಜಿನ ಕುಸ್ತಿ ತಂಡಕ್ಕೆ ಸಹಾಯಕ ತರಬೇತುದಾರ. ಮುಖ್ಯ ತರಬೇತುದಾರರು ಆ ವರ್ಷ ನಿವೃತ್ತರಾಗುವವರಿದ್ದರು. ಆ ಕುರ್ಚಿಯ ಮೇಲೆ ಲೈಲ್ ಕಣ್ಣಿಟ್ಟು ಎಷ್ಟು ವರ್ಷವಾಗಿತ್ತೆಂದರೆ, ಕುರ್ಚಿಯ ಗಾದಿ ಎರಡು ಸಲ ಬದಲಾಗಿತ್ತು. ಹೊಸ ವರ್ಷ ಕಳೆದ ಮೊದಲ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕುಸ್ತಿ ಅಭಿಮಾನಿ ಬಳಗದ ಉಪಾಹಾರ ಕೂಟ. ಎದುರಿಗೇ ಕ್ರೀಡಾ ನಿರ್ದೇಶಕ ಡಾಕ್ಟರ್ ಎಲ್ಗರ್ ಕೂತಿದ್ದರು. ಆ ಕುರ್ಚಿಗೆ ಯಾರನ್ನು ಕೂರಿಸಬೇಕೆಂದು ತೀರ್ಮಾನಿಸುವವರು ಅವರೇ. ಇಂಥ ಅವಕಾಶ ಬಿಡುವುದುಂಟೇ? ಲೈಲ್ ಫೋರ್ಕಿಗೆ ಚುಚ್ಚಿದ ಸಾಸೇಜಿನ ಸಮೇತ ಎದ್ದು ನಿಂತ.

"ಕುಸ್ತಿ ಗೆಲ್ಲೋದು ಮ್ಯಾಟ್ ಮೇಲಲ್ಲ, ಊಟದ ಮೇಜಿನ ಮುಂದೆ," ಎಂದ. "ತನ್ನ ನಾಲಿಗೇನ ಕಟ್ಟಿಹಾಕೋಕಾಗ್ದೋನು ಇನ್ನೊಬ್ಬನ ಭುಜ ಏನು ನೆಲಕ್ಕೆ ಒತ್ತಾನು? ನಮ್ಮ ಹುಡುಗರಿಗೆ ನಾನು ಕಲಿಸೋದು ಒಂದೇ ಪಟ್ಟು. ಹಿಡಿತ!"

"ಹಿಡಿತ ಕಾಣ್ತಾ ಇದೆ ಮಾರಾಯ," ಎಂದ ಬಳಗದ ಅಧ್ಯಕ್ಷ ಮೈಲೋ ಪೆಸೆಕ್. ಅವನು ಊರಿನ ಕಸಾಯಿ, ಸಾಸೇಜೂ ಅವನದೇ. "ಆ ಸಾಸೇಜನ್ನ ಬಿಡ್ತಾನೇ ಇಲ್ವಲ್ಲ ನೀನು."

ಎಲ್ಲರೂ ನಕ್ಕರು. ಲೈಲ್‌ನ ಕಿವಿ ಕೆಂಪಾಯಿತು. ಕಿವಿ ಕೆಂಪಾದಾಗ ಅವನ ಬಾಯಿಂದ ಬರುವ ಮಾತಿಗೆ ಅವನು ಎಂದೂ ಜವಾಬ್ದಾರನಲ್ಲ.

"ಹಾಗಾದ್ರೆ ಕೇಳಿಸ್ಕೊಳ್ರಿ. ಲೀಗಿನ ಕೊನೇ ಪಂದ್ಯ ನಮ್ಮ ಜಿಮ್ಮಲ್ಲೇ ತಾನೆ? ಅವತ್ತು ಹುಡುಗರು ತಕ್ಕಡಿ ಹತ್ತಿ ಇಳಿದ ಮೇಲೆ ನಾನೂ ಹತ್ತೀನಿ. ನೂರ ತೊಂಬತ್ತೇಳು ಪೌಂಡು. ಒಂದು ಗುಲಗಂಜಿ ಹೆಚ್ಚಿದ್ರೂ ಕೇಳಿ. ಅವರು ಬಿಟ್ಟಿದ್ದು ನಾನೂ ಬಿಡ್ತೀನಿ. ಅವರು ಹಸಿದಷ್ಟು ನಾನೂ ಹಸೀತೀನಿ. ಒಟ್ಟಿಗೆ!"

"ಆಗ್ದೆ ಹೋದ್ರೆ?"

"ಆಗ್ದೆ ಹೋದ್ರೆ ಸಿಂಗ್ಲೆಟ್ ಹಾಕ್ಕೊಂಡು ಊರೆದುರಿಗೆ ನಿನ್ನ ಜೊತೆ ಕುಸ್ತಿಗಿಳೀತೀನಿ."

ಸಿಂಗ್ಲೆಟ್ ಎಂದರೆ ಕುಸ್ತಿಯವರು ತೊಡುವ, ಮೈಗೆ ಬಣ್ಣ ಬಳಿದಂತೆ ಅಂಟುವ, ಏನನ್ನೂ ಮುಚ್ಚಿಡಲು ಒಪ್ಪದ ಉಡುಪು. ಕಲ್ಪನಾಶಕ್ತಿ ಹೆಚ್ಚಿದ್ದವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಡಾಕ್ಟರ್ ಎಲ್ಗರ್ ತುಟಿ ಬಿಚ್ಚಿಯೂ ಬಿಚ್ಚದಂತೆ ಮಾತಾಡಿದರು. ಕ್ರಿಸ್ಮಸ್ ಆದಾಗಿನಿಂದ ಅವರು ಹಾಗೆಯೇ ಮಾತಾಡುತ್ತಿದ್ದರು, ಜನ ಅದನ್ನು ಗಾಂಭೀರ್ಯ ಎಂದುಕೊಂಡಿದ್ದರು. "ಮುಖ್ಯ ತರಬೇತುದಾರ ಆಗೋನು ಆಡಿದ ಮಾತಿಗೆ ನಿಲ್ಲಬೇಕು, ಕುಬಿಚೆಕ್. ನೋಡೋಣ."

ಲೈಲ್ ಆಗ ಇದ್ದದ್ದು ಇನ್ನೂರ ಇಪ್ಪತ್ತರ ಆಸುಪಾಸು.

ಒಂದು ವಾರ ಅವನ ಊಟ ಬೇಯಿಸಿದ ಕೋಳಿ ಎದೆ, ಸೆಲರಿ ದಂಟು, ಬಿಸಿನೀರು. ಎರಡನೆಯ ವಾರ ಅವನ ಕಾರು ತಾನಾಗಿಯೇ ಆಗ್ನೆಸ್ ಅಜ್ಜಿಯ ಬೇಕರಿ ಮುಂದೆ ನಿಂತಿತು ಎಂದು ಅವನು ಇಂದಿಗೂ ಹೇಳುತ್ತಾನೆ. ಬೊಹೀಮಿಯದಿಂದ ಬಂದ ಮನೆತನದಲ್ಲಿ ಹುಟ್ಟಿದವನಿಗೆ ಕೋಲಾಚೆ ತಿಂಡಿಯಲ್ಲ, ಸಂಸ್ಕಾರ. ಅಂಗೈಯಗಲದ ಮೆತ್ತನೆಯ ಬನ್ನು, ನಡುವಿನ ಗುಳಿಯಲ್ಲಿ ಏಪ್ರಿಕಾಟಿನದೋ ಗಿಣ್ಣಿನದೋ ಹೂರಣ, ಮೇಲೆ ಬೆಣ್ಣೆಯ ಹೊಳಪು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಗೆ ಅಯೋವಾದಲ್ಲಿ ಬದನೆಕಾಯಿಯ ಬದಲು ಇದನ್ನೇ ಹಾಕಿಕೊಳ್ಳಬೇಕು.

"ಡಬ್ಬಿ ತುಂಬಾ ಬೇಕಾ?" ಎಂದು ಆಗ್ನೆಸ್ ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು. "ನೀನು ಬಿಟ್ಟಿದೀಯ ಅಂತ ಊರೆಲ್ಲಾ ಹೇಳ್ತಿದೆ."

"ನನಗಲ್ಲ ಅಜ್ಜಿ. ಅತ್ತೆಗೆ."

ಲೈಲ್‌ನ ಒಬ್ಬಳೇ ಒಬ್ಬ ಅತ್ತೆ ಊರಾಚೆಯ ಸ್ಮಶಾನದಲ್ಲಿ ಮಲಗಿ ಎಂಟು ವರ್ಷವಾಗಿತ್ತು. ಆಕೆಯ ತಿಥಿಯೂಟಕ್ಕೆ ಕೋಲಾಚೆ ಮಾಡಿಕೊಟ್ಟವಳು ಇದೇ ಆಗ್ನೆಸ್. ಆದರೆ ಗಿರಾಕಿಯ ಬಾಯಲ್ಲಿ ಬಂದ ಮಾತನ್ನು ಬೇಕರಿಯವರು ತಿದ್ದಬಾರದು. ಅಜ್ಜಿ ಡಬ್ಬಿಗೆ ದಾರ ಕಟ್ಟಿಕೊಟ್ಟು, "ಸಾವಕಾಶ ತಿನ್ನೋಕೆ ಹೇಳು," ಎಂದಳು.

ಡಬ್ಬಿ ಕಾರಿನ ಡಿಕ್ಕಿಯಲ್ಲಿ, ಹೆಚ್ಚುವರಿ ಚಕ್ರದ ಗುಳಿಯಲ್ಲಿ ಅಡಗಿತು. ಸಂಜೆಯ ಅಭ್ಯಾಸ ಮುಗಿದ ಮೇಲೆ ಜೋಳದ ಕಣಜದ ಹಿಂದೆ ಕಾರು ನಿಲ್ಲಿಸಿ ಒಂದೇ ಒಂದು ತಿನ್ನುವುದು, ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಹಿಡಿತದ ಮೂರ್ತಿಯಾಗಿ ಮನೆ ಸೇರುವುದು, ಹೀಗೆ ಅವನು ವ್ಯವಸ್ಥೆ ಮಾಡಿಕೊಂಡ. ವ್ಯವಸ್ಥೆ ಚೆನ್ನಾಗಿಯೇ ಇತ್ತು. ಆದರೆ ಆ ವಾರವೇ ಒಂದು ಸಂಜೆ ಡಿಕ್ಕಿ ತೆಗೆದು ನೋಡಿದರೆ ಗುಳಿಯಲ್ಲಿ ಚಕ್ರವಿತ್ತು, ಡಬ್ಬಿ ಇರಲಿಲ್ಲ.

ಇನ್ನೊಂದು ಡಬ್ಬಿ ತಂದ. ಅದೂ ಹೋಯಿತು.

ಕದ್ದುಮುಚ್ಚಿ ಇಟ್ಟ ಮಾಲು ಕಳುವಾದರೆ ದೂರು ಕೊಡುವುದು ಯಾರಿಗೆ? "ನನ್ನ ಕೋಲಾಚೆ ಯಾರು ತಿಂದದ್ದು" ಎಂದು ಬಾಯಿಬಿಟ್ಟರೆ ಕೇಳಿದವರು ಮೊದಲು ಕೇಳುವುದೇ "ನಿನ್ನ ಕೋಲಾಚೆ ಅಂದರೇನು" ಎಂದು. ಹೊಟ್ಟೆಯಲ್ಲಿ ಕೋಳಿಯ ಎದೆ, ತಲೆಯಲ್ಲಿ ಅನುಮಾನ, ಇವೆರಡನ್ನೇ ಇಟ್ಟುಕೊಂಡು ಲೈಲ್ ತನಿಖೆಗಿಳಿದ.

ಕಾರಿನ ಬೀಗದ ಕೈ ಅವನದಲ್ಲದೆ ಇಬ್ಬರ ಬಳಿ ಇತ್ತು. ಒಂದು ಹೆಂಡತಿ ಡಾರ್ಲೀನ್ ಬಳಿ. ಇನ್ನೊಂದು ವೆಸ್ಲಿ ಟ್ವೇಟ್ ಬಳಿ. ವೆಸ್ಲಿ ಉತ್ತರದ ಹೊಲಗಳ ಕಡೆಯಿಂದ ಬಂದ ಮೊದಲ ವರ್ಷದ ಹುಡುಗ. ಅವನ ಮನೆಗೆ ಹೋಗಿ, ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ತಂದೆತಾಯಿಗೆ ಮಾತು ಕೊಟ್ಟು ಕಾಲೇಜಿಗೆ ಕರೆತಂದವನು ಲೈಲೇ. ತಂಡದ ಬೆವರು ಬಟ್ಟೆಗಳನ್ನು ವಾರಕ್ಕೆರಡು ಸಲ ಲೈಲ್‌ನ ಕಾರಿನಲ್ಲಿ ಲಾಂಡ್ರಿಗೆ ಒಯ್ಯುವ ಕೆಲಸ ಅವನದು. ನೂರ ಇಪ್ಪತ್ತೈದು ಪೌಂಡು ಮೀರದವರ ತರಗತಿಯಲ್ಲಿ ಅವನನ್ನು ಸೋಲಿಸುವವರು ಇಡೀ ಲೀಗಿನಲ್ಲಿರಲಿಲ್ಲ. ಆದರೆ ಕ್ರಿಸ್ಮಸ್ ಆದಮೇಲೆ ಅವನ ತೂಕ ನೂರ ಇಪ್ಪತ್ತೈದಕ್ಕೆ ಇಳಿಯಲು ಒಲ್ಲೆ ಎನ್ನುತ್ತಿತ್ತು. ಮೂರು ಅಂಗಿ ಹಾಕಿಕೊಂಡು ಓಡಿದ, ಕಡೆಯ ತೊಟ್ಟು ತೂಕವೂ ಹೋಗಲೆಂದು ಇಡೀ ದಿನ ಬಾಟಲಿಗೆ ಉಗುಳಿದ. ತಕ್ಕಡಿಯ ದಂಡ ಮಾತ್ರ ಮೇಲೆಯೇ.

ಸಿಕ್ಕಿದ ಕಳ್ಳ, ಎಂದುಕೊಂಡ ಲೈಲ್. ತಿನ್ನದವನ ತೂಕ ಯಾಕೆ ನಿಲ್ಲುತ್ತದೆ? ಇಷ್ಟೊಂದು ಉಗುಳುವವನ ಬಾಯಲ್ಲಿ ಏನೋ ಇರಲೇಬೇಕಲ್ಲವೇ?

ಸಾಕ್ಷಿ ಬೇಕಿತ್ತು. ಆಗ ಅವನಿಗೊಂದು ಉಪಾಯ ಹೊಳೆಯಿತು. ಆ ದಿನದಿಂದ ಏಪ್ರಿಕಾಟು, ಗಿಣ್ಣು ಬಿಟ್ಟು ಬರೀ ಗಸಗಸೆ ಹೂರಣದ ಕೋಲಾಚೆ ತರತೊಡಗಿದ. ಅಲ್ಲಿಯ ಗಸಗಸೆ ನಮ್ಮದರಂತೆ ಬಿಳಿಯಲ್ಲ, ಮಸಿಯಂಥ ಕಪ್ಪು. ಗಸಗಸೆ ತಿಂದವನು ಏನು ಬೇಕಾದರೂ ಮುಚ್ಚಿಡಬಹುದು, ಹಲ್ಲಿನ ಸಂದು ಮುಚ್ಚಿಡಲಾರ.

ಮರುದಿನ ಅಭ್ಯಾಸಕ್ಕೆ ಮುಂಚೆ ಹುಡುಗರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ.

"ಎಲ್ಲಾ ನಗ್ರಿ."

"ಯಾಕೆ ಕೋಚ್?"

"ಹೊಸ ತಂತ್ರ ಕಣ್ರೋ. ನಗ್ತಾ ಮ್ಯಾಟಿಗೆ ಬರೋನನ್ನ ನೋಡಿದ್ರೆ ಎದುರಾಳಿ ಎದೆ ಝಲ್ ಅನ್ನುತ್ತೆ. ಅಗಲಕ್ಕೆ ನಗಿ. ದವಡೆ ಹಲ್ಲೂ ಕಾಣ್ಬೇಕು."

ಹೊಟ್ಟೆಗಿಲ್ಲದ ಹುಡುಗರೆಲ್ಲ ಸಾಲಾಗಿ ನಕ್ಕರು. ಎದುರಾಳಿಯ ಮಾತು ಹಾಗಿರಲಿ, ನೆಲ ಒರೆಸಲು ಬಂದವನು ಆ ನಗು ನೋಡಿ ಬಕೆಟ್ಟಿನ ಸಮೇತ ಬಾಗಿಲಿನಿಂದಲೇ ಹಿಂದಿರುಗಿದ. ಲೈಲ್ ಕೈ ಹಿಂದೆ ಕಟ್ಟಿಕೊಂಡು, ಕುದುರೆ ಕೊಳ್ಳಲು ಬಂದವನಂತೆ ಒಬ್ಬೊಬ್ಬನ ಬಾಯಿಗೂ ಬಗ್ಗಿ ನೋಡಿದ. ಹೆವಿವೇಟ್ ಹುಡುಗನ ಹಲ್ಲಿನಲ್ಲಿ ಜೋಳ, ಹಂದಿಮಾಂಸ, ಇನ್ನೂ ಗುರುತು ಸಿಗದ್ದೇನೋ ಇದ್ದವು. ಅವನಿಗೆ ತಿನ್ನಲು ಅಪ್ಪಣೆಯಿದ್ದುದರಿಂದ ಬಿಟ್ಟ. ವೆಸ್ಲಿಯ ಹಲ್ಲು ತೊಳೆದಿಟ್ಟ ಬಟ್ಟಲಿನಷ್ಟು ಸ್ವಚ್ಛವಾಗಿತ್ತು. ಲೈಲ್‌ಗೆ ಅನುಮಾನ ಇನ್ನಷ್ಟು ಬಲವಾಯಿತು. ಇಷ್ಟು ಸ್ವಚ್ಛ ಯಾಕೆ?

"ಯಾವಾಗ ಉಜ್ಜಿದೆ?"

"ಬೆಳಿಗ್ಗೆ, ಕೋಚ್."

"ಆಮೇಲೆ?"

"ಆಮೇಲೆ ಹಲ್ಲಿಗೇನೂ ಕೆಲಸ ಇರ್ಲಿಲ್ಲ, ಕೋಚ್."

ಮಾತಿನಲ್ಲೂ ಹುಷಾರು, ಎಂದುಕೊಂಡ ಲೈಲ್.

ಆ ರಾತ್ರಿ ಊಟಕ್ಕೆ ಕೂತಾಗ ಅವನು ಹೆಂಡತಿಯನ್ನು ಎವೆಯಿಕ್ಕದೆ ನೋಡಿದ. "ಡಾರ್ಲೀನ್, ಒಂದ್ಸಲ ನಗೇ."

ಡಾರ್ಲೀನ್‌ಗೆ ಇಂಥ ಮಾತು ಕೇಳಿ ಇಪ್ಪತ್ತು ವರ್ಷದ ಮೇಲಾಗಿತ್ತು. ಕೈಯಲ್ಲಿದ್ದ ಸೌಟು ಕೆಳಗಿಟ್ಟಳು, ಕೂದಲು ಸರಿಮಾಡಿಕೊಂಡಳು, ನಕ್ಕಳು. ಲೈಲ್ ಮೇಜಿನ ಮೇಲೆ ಬಗ್ಗಿ ಮೇಲಿನ ಸಾಲು ನೋಡಿದ, ಕೆಳಗಿನ ಸಾಲು ನೋಡಿದ, "ಸರಿ, ಸಾಕು," ಎಂದು ಸೆಲರಿ ಕಡಿಯತೊಡಗಿದ.

"ಏನು ಸಾಕು?" ಎಂದಳು ಡಾರ್ಲೀನ್. ಉತ್ತರ ಸಿಗದ ಪ್ರಶ್ನೆಯನ್ನು ಡಾರ್ಲೀನ್ ಬಿಸಾಡುವವಳಲ್ಲ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕೆಲವೇ ದಿನಗಳಲ್ಲಿ ಲೈಲ್‌ನ ಕಣ್ಣಿಗೆ ಎಲ್ಲೆಲ್ಲೂ ಗಸಗಸೆ ಕಾಣತೊಡಗಿತು. ಒಂದು ದಿನ ಕಾಲೇಜಿನ ಪಡಸಾಲೆಯಲ್ಲಿ ಎದುರಾದ ಡಾಕ್ಟರ್ ಎಲ್ಗರ್ ಅವರ ಮೀಸೆಯ ಮೇಲೆ ಏನೋ ಕಪ್ಪಗೆ ಕಂಡಿತು. ಅವರ ಕಾರು ನಿಲ್ಲುವುದು ಲೈಲ್‌ನ ಕಾರಿನ ಪಕ್ಕದಲ್ಲೇ.

"ಸರ್, ಒಂದ್ಸಲ ನಗ್ತೀರಾ?"

ಡಾಕ್ಟರ್ ಎಲ್ಗರ್ ಬೆಚ್ಚಿ ಸುತ್ತ ನೋಡಿದರು. ಅವರ ಬಾಯಲ್ಲಿ ಕ್ರಿಸ್ಮಸ್ ಹಿಂದಿನ ದಿನ ಕೂರಿಸಿದ ಹಲ್ಲಿನ ಸೆಟ್ ಇತ್ತು. ಅದು ತಮಗೆ, ತಮ್ಮ ಹೆಂಡತಿಗೆ, ದಂತವೈದ್ಯರಿಗೆ ಬಿಟ್ಟರೆ ದೇವರಿಗೂ ಗೊತ್ತಿಲ್ಲ ಎಂದು ಅವರು ನಂಬಿದ್ದರು.

"ಯಾರು ಹೇಳಿದ್ರು ನಿಂಗೆ?" ಎಂದು ಪಿಸುಗುಟ್ಟಿದರು.

"ಯಾರೂ ಹೇಳ್ಲಿಲ್ಲ ಸರ್. ನಂಗೇ ಅನುಮಾನ ಬಂತು." ಲೈಲ್ ಇನ್ನೂ ಹತ್ತಿರ ಬಂದ. "ಹಾಗಾದ್ರೆ... ತೆಗೆದದ್ದು ನೀವೇನಾ ಸರ್?"

"ನಾನ್ಯಾಕೆ ತೆಗೀಲಿ? ಡಾಕ್ಟರು ತೆಗೆದದ್ದು! ಅಷ್ಟನ್ನೂ ಒಂದೇ ದಿನ! ಇದು ಹೊರಗೆ ಬಂತೋ, ನೋಡು ಮತ್ತೆ!" ಎಂದವರೇ ತುಟಿ ಬಿಗಿದುಕೊಂಡು ಸರಸರನೆ ಹೊರಟುಹೋದರು.

ಲೈಲ್ ಪಡಸಾಲೆಯ ಎರಡೂ ತುದಿ ನೋಡಿಕೊಂಡ. ಡಾಕ್ಟರೂ ಸೇರಿದ್ದಾರೆ ಎಂದರೆ ಈ ಜಾಲ ಅವನು ತಿಳಿದಿದ್ದಕ್ಕಿಂತ ದೊಡ್ಡದು.

ಇಷ್ಟರಲ್ಲಿ ರೋಂಡಾ ಷಿಮೆಕ್‌ಗೂ ಅನುಮಾನ ಶುರುವಾಗಿತ್ತು. ಆಟಗಾರರ ಉಳುಕು, ಮುರಿತ, ತೂಕ ನೋಡಿಕೊಳ್ಳುವವಳು ಅವಳು. ಊಟದ ವಿಚಾರದಲ್ಲಿ ಮನಸ್ಸು ಕೆಡಿಸಿಕೊಂಡ ಆಟಗಾರರನ್ನು ಪತ್ತೆಹಚ್ಚುವುದು ಹೇಗೆಂದು ಡೆ ಮೊಯಿನ್ ನಗರಕ್ಕೆ ಹೋಗಿ ಕಲಿತು ಬಂದಿದ್ದಳು. ತಿಂಡಿ ಬಚ್ಚಿಡುವುದು, ಒಬ್ಬನೇ ಕೂತು ತಿನ್ನುವುದು, ಇನ್ನೊಬ್ಬರು ತಿನ್ನುವುದನ್ನೇ ನೋಡುವುದು, ಸಿಡಿಮಿಡಿ, ಕಣ್ಣ ಕೆಳಗೆ ಕಪ್ಪು. ಎಲ್ಲ ಲಕ್ಷಣವೂ ಒಬ್ಬನಲ್ಲೇ ಕೂಡಿಬಂದಿದ್ದವು. ಅವನು ಮಾತ್ರ ಆಟಗಾರನಲ್ಲ.

"ಲೈಲ್, ಕೂತ್ಕೋ," ಎಂದಳು ಮೃದುವಾಗಿ. "ಜೋಳದ ಕಣಜದ ಹಿಂದೆ ಕಾರಲ್ಲಿ ಒಬ್ನೇ ಕೂತು ಅಳ್ತಿದ್ಯಂತೆ."

"ಅಳ್ತಿರ್ಲಿಲ್ಲ! ಸುಮ್ನೆ ಚಕ್ರ ನೋಡ್ತಿದ್ದೆ."

"ಚಕ್ರ ನೋಡ್ತಿದ್ದೆ," ಎಂದು ರೋಂಡಾ ತಲೆಯಾಡಿಸಿದಳು. ಅದು ಅವಳು ಕಲಿತು ಬಂದದ್ದರಲ್ಲಿ ಇರಲಿಲ್ಲ. ಇದು ಹೊಸ ಹಂತವೇ ಇರಬೇಕು. "ಹೊಟ್ಟೆ ತುಂಬಾ ಏನಾದ್ರೂ ತಿಂದು ಎಷ್ಟು ದಿನ ಆಯ್ತು?"

"ಅದನ್ನ ವೆಸ್ಲಿನ ಕೇಳು," ಎಂದು ಲೈಲ್ ಸಿಡುಕಿ ಎದ್ದುಹೋದ. ಅವಳು ಕೇಳಬೇಕಿತ್ತು. ಆದರೆ ಹುಚ್ಚನ ಮಾತಿಗೆ ಬೆಲೆ ಕೊಡುವುದು ಹೇಗೆ? ಅಂದಿನಿಂದ ಅವಳು ಲೈಲ್‌ನ ಮೇಲೆ ಕಣ್ಣಿಟ್ಟಳು, ಲೈಲ್ ಹುಡುಗರ ಹಲ್ಲಿನ ಮೇಲೆ ಕಣ್ಣಿಟ್ಟ, ಇಡೀ ಕಾಲೇಜು ಇವರಿಬ್ಬರ ಮೇಲೆ ಕಣ್ಣಿಟ್ಟಿತು. ಮೂರು ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಓಡುತ್ತಿದ್ದ ಹುಡುಗನ ಮೇಲೆ ಯಾರ ಕಣ್ಣೂ ಇರಲಿಲ್ಲ.

ಮುಂದಿನ ಭಾನುವಾರ ಚರ್ಚಿನ ಬಾಗಿಲಲ್ಲಿ ಆಗ್ನೆಸ್ ಅಜ್ಜಿ ಡಾರ್ಲೀನ್‌ಳನ್ನು ತಡೆದು ನಿಲ್ಲಿಸಿದಳು.

"ನಿಮ್ಮಮ್ಮನಿಗೆ ಕೋಲಾಚೆ ಹಿಡಿಸ್ತಾ ಇದೆಯೇನೇ?"

"ಅಜ್ಜಿ, ನಮ್ಮಮ್ಮ ಹೋಗಿ ಎಂಟು ವರ್ಷ ಆಯ್ತಲ್ಲ."

"ಅದು ನಂಗೂ ಗೊತ್ತು. ಅದಕ್ಕೇ ಕೇಳ್ದೆ. ನಿನ್ನ ಗಂಡ 'ಅತ್ತೆಗೆ' ಅಂತ ವಾರಕ್ಕೆರಡು ಡಬ್ಬಿ ಒಯ್ತಾನಲ್ಲ. ಯಾವ ಅತ್ತೆಯೋ, ಹೊಟ್ಟೆ ಮಾತ್ರ ಗಟ್ಟಿ ಇದೆ."

ಡಾರ್ಲೀನ್ ಮೆಟ್ಟಿಲ ಮೇಲೆ ನಿಂತಲ್ಲೇ ನಿಂತಳು. ಅತ್ತೆ ಇದ್ದಾಳೆ ಎಂದ ಮೇಲೆ ಅತ್ತೆಗೊಬ್ಬಳು ಮಗಳೂ ಇರಬೇಕು. "ಒಂದ್ಸಲ ನಗೇ" ಎಂದು ನೋಡಿ "ಸಾಕು" ಎಂದದ್ದು ಯಾರ ನಗುವಿನ ಜೊತೆ ಹೋಲಿಸಿ ಎಂಬುದು ಅವಳಿಗೆ ಈಗ ಅರ್ಥವಾಯಿತು. ಸಂಜೆಯೊಳಗೆ ಕಸಾಯಿ ಮೈಲೋನ ಅಂಗಡಿಯಲ್ಲಿ ಆ ಮಗಳಿಗೆ ಒಂದು ಊರು, ಎರಡು ಮಕ್ಕಳು, ಬಂಗಾರದ ಬಣ್ಣದ ಕೂದಲು ಸಿಕ್ಕಿದ್ದವು.

ಪಂದ್ಯದ ವಾರ ಬಂತು. ವಿಚಿತ್ರವೆಂದರೆ ಲೈಲ್ ಇಳಿದಿದ್ದ. ಕೋಲಾಚೆ ಕೈಗೆ ಸಿಕ್ಕಿದ್ದಕ್ಕಿಂತ ಕಳುವಾದದ್ದೇ ಹೆಚ್ಚು. ಸಿಕ್ಕಿದ್ದೂ ಏಕೋ ಒಣಕಲು, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜೊತೆಗೆ ಅನುಮಾನ ಮನುಷ್ಯನನ್ನು ಓಡುವುದಕ್ಕಿಂತ ಹೆಚ್ಚು ಕರಗಿಸುತ್ತದೆ. ಮಂಗಳವಾರ ಬೆಳಿಗ್ಗೆ ತಕ್ಕಡಿ ಹತ್ತಿದರೆ ಸರಿಯಾಗಿ ನೂರ ತೊಂಬತ್ತೇಳು! ಮುಖ್ಯ ತರಬೇತುದಾರನ ಕುರ್ಚಿಯ ಗಾದಿ ಅವನ ಮೈಗೆ ತಾಗಿದಂತಾಯಿತು. ಈಗ ಉಳಿದದ್ದು ಕಳ್ಳನೊಬ್ಬನೇ. ಅಂದು ಮಧ್ಯಾಹ್ನ, ಬಟ್ಟೆ ಒಯ್ಯುವ ಹೊತ್ತಿಗೆ, ಲೈಲ್ ತನ್ನ ಕಾರಿನ ಹಿಂದಿನ ಸೀಟಿನ ಬುಡದಲ್ಲಿ, ಬೆವರು ಬಟ್ಟೆಯ ಗಂಟುಗಳ ಅಡಿಯಲ್ಲಿ ಮಲಗಿಕೊಂಡ. ಒಂದು ಕುಸ್ತಿ ತಂಡದ ವಾರದ ಬಟ್ಟೆಯ ಕೆಳಗೆ ಮಲಗಿದವನ ಹಿಡಿತವನ್ನು ಯಾರೂ ಅಲ್ಲಗಳೆಯಲಾರರು.

ವೆಸ್ಲಿ ಬಂದ. ಡಿಕ್ಕಿ ತೆಗೆದ ಸದ್ದು, ಮುಚ್ಚಿದ ಸದ್ದು. ಡಬ್ಬಿ ಹಿಡಿದು ಮುಂದೆ ಕೂತ. ಗಂಟುಗಳ ಸಂದಿನಿಂದ ಲೈಲ್‌ಗೆ ಎಲ್ಲ ಕಾಣುತ್ತಿತ್ತು. ಮೊದಲ ತುತ್ತು ಬಾಯಿಗೆ ಹೋಗಲಿ, ಆಗ ಎದ್ದು ಕೊರಳು ಹಿಡಿಯುತ್ತೇನೆ ಎಂದು ಉಸಿರು ಬಿಗಿಹಿಡಿದ.

ಹುಡುಗ ದಾರ ಬಿಚ್ಚಿದ. ಮುಚ್ಚಳ ತೆಗೆದು ಡಬ್ಬಿಯೊಳಗೆ ಮುಖವಿಟ್ಟ. ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದುಕೊಂಡ. ಇನ್ನೊಂದು ಸಲ ಎಳೆದುಕೊಂಡ. ಆಮೇಲೆ ಮುಚ್ಚಳ ಮುಚ್ಚಿ, ಮೊದಲಿದ್ದ ಹಾಗೆಯೇ ದಾರ ಕಟ್ಟಿ, ಕಾರು ಚಾಲೂ ಮಾಡಿದ.

ತುತ್ತು ಎಲ್ಲಿ? ಲೈಲ್‌ಗೆ ತಲೆಬುಡ ತಿಳಿಯಲಿಲ್ಲ. ಕಾರು ಹೋಗಿ ನಿಂತದ್ದು ಆಗ್ನೆಸ್ ಅಜ್ಜಿಯ ಬೇಕರಿ ಮುಂದೆ.

ಒಳಗೆ ಡಾರ್ಲೀನ್ ಆಗಲೇ ಗಾಜಿನ ಪೆಟ್ಟಿಗೆಗೆ ಕೈಯೂರಿ ನಿಂತಿದ್ದಳು. "ಅವಳ ಹೆಸರು ಹೇಳಿ ಅಜ್ಜಿ. ನಾನೇನೂ ಮಾಡಲ್ಲ. ಹೆಸರು ಹೇಳಿ ಸಾಕು," ಎನ್ನುತ್ತಿದ್ದಳು. ವೆಸ್ಲಿ ಒಳಗೆ ಬಂದು ಡಬ್ಬಿಯನ್ನು ಪೆಟ್ಟಿಗೆಯ ಮೇಲಿಟ್ಟ.

"ಅಜ್ಜಿ, ಕೋಚ್ ಅತ್ತೆಯವರದು ಇವತ್ತೂ ಉಳಿದಿದೆ."

"ಕಳ್ಳ!" ಎಂದು ಬಾಗಿಲಲ್ಲಿ ಕೂಗು ಕೇಳಿತು. ಕಿವಿಗೊಂದು ಮೊಣಕಾಲು ಪಟ್ಟಿ, ಹೆಗಲಿಗೊಂದು ಕಾಲುಚೀಲ ಜೋತುಬಿದ್ದ ಲೈಲ್ ಅಲ್ಲಿ ನಿಂತಿದ್ದ.

"ಕಳ್ಳ!" ಎಂದು ಡಾರ್ಲೀನ್ ಅವನಿಗಿಂತ ಜೋರಾಗಿ ಕೂಗಿದಳು. "ಎಲ್ಲಿದಾಳೆ ಅವಳು?"

"ಯಾವಳು?"

"ನಿಮ್ಮತ್ತೆ ಮಗಳು!"

"ನಮ್ಮತ್ತೆ ಮಗಳು ನೀನೇ ಅಲ್ವೇನೇ!"

"ಬಾಗಿಲು ಮುಚ್ಚಿ, ಚಳಿ ಬರ್ತಾ ಇದೆ," ಎಂದಳು ಆಗ್ನೆಸ್ ಅಜ್ಜಿ.

ವೆಸ್ಲಿ ಬೆಳ್ಳಗೆ ಬಿಳಿಚಿಕೊಂಡಿದ್ದ. "ಕೋಚ್, ಒಂದ್ಸಲ ಡಿಕ್ಕಿಗೆ ಬಟ್ಟೆ ತುಂಬೋವಾಗ ಡಬ್ಬಿ ಕಾಣ್ತು," ಎಂದ. "ನೀವು ತೂಕದ ಪಂಥ ಸೋತ್ರೆ ಆ ಕೆಲಸ ನಿಮಗೆ ಸಿಗಲ್ವಲ್ಲ. ಬಿಸಾಕೋಕೆ ಮನಸ್ಸಾಗ್ಲಿಲ್ಲ, ತಿನ್ನೋ ಪದಾರ್ಥ. ಅದಕ್ಕೇ ವಾಪಸ್ ತಂದುಕೊಡ್ತಿದ್ದೆ. ನಿಮ್ಮತ್ತೆಯವರದು ಅಂತ ಅಜ್ಜಿ ಹೇಳಿದ್ರು. ನಾನು ಹೂಂ ಅಂದೆ."

ಲೈಲ್ ಅಜ್ಜಿಯ ಕಡೆ ತಿರುಗಿದ. "ವಾಪಸ್ ಬಂದದ್ದನ್ನ ಏನ್ಮಾಡಿದ್ರಿ?"

"ನಿಂಗೇ ಮಾರಿದೆ."

"ಅದಕ್ಕೇ ಅಷ್ಟು ಒಣಗಿರ್ತಿತ್ತು!"

"ಸತ್ತೋರು ಒಣಗಿದೆ ಅಂತ ದೂರ್ತಾರೇನೋ?" ಎಂದಳು ಅಜ್ಜಿ.

ಹಾಗಾದರೆ ಗಸಗಸೆ ತಿಂದವರು ಊರಲ್ಲಿ ಲೈಲ್ ಒಬ್ಬನೇ. ಅವನು ಇಡೀ ಊರಿನ ಹಲ್ಲು ನೋಡಿದ್ದ, ತನ್ನದೊಂದನ್ನು ಬಿಟ್ಟು. "ನೀನು ಒಂದೂ ತಿನ್ಲಿಲ್ವಾ?" ಎಂದು ಕೇಳಿದ. ಅವನ ದನಿ ಸಣ್ಣಗಾಗಿತ್ತು.

"ಇಲ್ಲ ಕೋಚ್. ವಾಸನೆ ನೋಡ್ತಿದ್ದೆ, ಅಷ್ಟೆ. ವಾಸನೆಗೆ ತೂಕ ಇಲ್ಲ ಅಲ್ವಾ?" ಎಂದು ಹುಡುಗ ನಗಲು ಹೋದ. ಗಾಜಿನ ಪೆಟ್ಟಿಗೆ ಹಿಡಿಯಲು ಕೈ ಚಾಚಿದ, ಅದು ಸಿಗಲಿಲ್ಲ, ಕುಸಿದುಬಿದ್ದ.

ಡಾರ್ಲೀನ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಜ್ಜಿ ಸಕ್ಕರೆ ನೀರಿಗೆ ಓಡಿದಳು. ಹುಡುಗ ಕಣ್ಣು ಬಿಟ್ಟ ಮೇಲೆ ಡಾರ್ಲೀನ್‌ಳ ದೃಷ್ಟಿ ಅವನ ಕಾಲಿನ ಮೇಲೆ ಬಿತ್ತು. ತಂಡದವರು ಊರೂರಿಗೆ ಹೋಗುವಾಗ ಹಾಕುವ ಪ್ಯಾಂಟು ಅದು. ಸೆಪ್ಟೆಂಬರಿನಲ್ಲಿ ಅದರ ಅಂಚು ಮಡಿಸಿ ಹೊಲಿದುಕೊಟ್ಟವಳು ಅವಳೇ, ಆಗ ಷೂ ಮುಚ್ಚುತ್ತಿತ್ತು. ಈಗ ಅಂಚಿನ ಕೆಳಗೆ ಎರಡು ಬೆರಳು ಕಾಲು ಕಾಣುತ್ತಿತ್ತು.

"ಲೈಲ್," ಎಂದಳು. "ಈ ಹುಡುಗ ತಿಂದು ದಪ್ಪ ಆಗಿಲ್ಲ ಕಣೋ. ಉದ್ದ ಆಗಿದಾನೆ. ಇನ್ನೂ ಬೆಳೀತಾ ಇದಾನೆ. ಊರೋರ ಹಲ್ಲೆಲ್ಲಾ ನೋಡ್ದೆ, ಇವನ ಕಾಲು ನೋಡ್ಲಿಲ್ವಾ ನೀನು?"

ಲೈಲ್‌ಗೆ ನಾಚಿಕೆಯಾಯಿತು. ಕಿವಿಯ ಮೇಲಿನ ಮೊಣಕಾಲು ಪಟ್ಟಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಏನೂ ಹೇಳದೆ ನಿಂತ. ಇದು ಅವನ ಜೀವಮಾನದಲ್ಲೇ ಮೊದಲು.

ವೈದ್ಯರು ನೋಡಿದರು, ರೋಂಡಾ ಅಳೆದಳು. ಹುಡುಗ ಎರಡಂಗುಲ ಬೆಳೆದಿದ್ದ. ನೂರ ಇಪ್ಪತ್ತೈದರ ಮಾತು ಎತ್ತಬೇಡಿ, ಸರಿಯಾಗಿ ತಿಂದು ಸುಧಾರಿಸಿಕೊಂಡರೆ ಶನಿವಾರದ ಪಂದ್ಯದಲ್ಲಿ ಅದರ ಮೇಲಿನ ತರಗತಿಯಲ್ಲಿ ಆಡಲಿ, ಇಲ್ಲವಾದರೆ ಬೇಡವೇ ಬೇಡ ಎಂದರು. ಡಾರ್ಲೀನ್ ಅವನನ್ನು ಮನೆಗೇ ಕರೆತಂದಳು. ಕೋಳಿ, ನೂಡಲ್ಸು, ಗಿಣ್ಣು ಹಾಕಿ ಒಲೆಯಲ್ಲಿ ಬೇಯಿಸಿದ್ದನ್ನು ತಟ್ಟೆ ತುಂಬ ಬಡಿಸಿ ಅವನ ಮುಂದಿಟ್ಟಳು. ವೆಸ್ಲಿ ತಟ್ಟೆ ನೋಡಿದ, ಲೈಲ್‌ನ ಮುಂದಿದ್ದ ಸೆಲರಿ ನೋಡಿದ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ತಿನ್ನೋ," ಎಂದ ಲೈಲ್.

"ನಿಮ್ಮದು ತೂಕ ಆಗ್ಲಿ ಕೋಚ್. ಒಟ್ಟಿಗೆ ಅಂತ ನೀವೇ ಹೇಳಿದ್ರಲ್ಲ."

ಲೈಲ್ ಬೆಳಿಗ್ಗೆ ನೂರ ತೊಂಬತ್ತೇಳು ಇದ್ದವನು. ಶನಿವಾರದವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕುರ್ಚಿ ಅವನದು. ಅವನು ಹುಡುಗನ ಮುಖ ನೋಡಿದ. ಸೆಲರಿಯನ್ನು ಪಕ್ಕಕ್ಕೆ ತಳ್ಳಿ, "ಡಾರ್ಲೀನ್, ನಂಗೂ ಹಾಕೇ," ಎಂದ. "ತುಂಬಾ ಹಾಕು."

ಆ ವಾರ ಲೈಲ್ ಕುಬಿಚೆಕ್ ಪಟ್ಟ ಶ್ರಮವನ್ನು ಬಲ್ಲವರೇ ಬಲ್ಲರು. ಅವನು ಒಂದು ತುತ್ತು ಎತ್ತಿದರೆ ಹುಡುಗನೂ ಒಂದು ತುತ್ತು. ಅವನು ನಿಲ್ಲಿಸಿದರೆ ಹುಡುಗನೂ ನಿಲ್ಲಿಸುತ್ತಿದ್ದ. ಆದ್ದರಿಂದ ಅವನು ನಿಲ್ಲಿಸಲಿಲ್ಲ. ಕರ್ತವ್ಯ ಎಂದರೆ ಕರ್ತವ್ಯ. ಶನಿವಾರ ಬೆಳಗಿನ ತಿಂಡಿಗೆ ಆಗ್ನೆಸ್ ಅಜ್ಜಿ ಬಿಸಿಬಿಸಿ ಡಬ್ಬಿ ಕಳಿಸಿದ್ದಳು, ಈ ಸಲ ನಿಜಕ್ಕೂ ಅಂದೇ ಬೇಯಿಸಿದ್ದು.

ಜಿಮ್ಮು ಕಿಕ್ಕಿರಿದಿತ್ತು. ಹುಡುಗರ ತೂಕ ಮುಗಿದ ಮೇಲೆ ತಕ್ಕಡಿಯನ್ನು ಅಂಗಳದ ನಡುವೆ ತಂದಿಟ್ಟರು. ಪಕ್ಕದಲ್ಲಿ ಮೈಲೋ ಪೆಸೆಕ್ ಒಂದು ಸಿಂಗ್ಲೆಟ್ ಹಿಡಿದು, ಊರಿಗೆಲ್ಲ ಕಾಣಲೆಂದು ಎರಡೂ ಕೈಯಲ್ಲಿ ಎಳೆದೆಳೆದು ತೋರಿಸುತ್ತಿದ್ದ. ಲೈಲ್ ತುಟಿ ಬಿಗಿದುಕೊಂಡು ಬಂದ. ಯಾರು ಮಾತಾಡಿಸಿದರೂ ತಲೆಯಾಡಿಸಿದನೇ ಹೊರತು ಬಾಯಿ ಬಿಡಲಿಲ್ಲ. ಲೈಲ್ ಬಾಯಿ ಮುಚ್ಚಿಕೊಂಡಿದ್ದಾನೆ ಎಂಬುದೇ ಜನರಿಗೆ ದೊಡ್ಡ ಅನುಮಾನವಾಯಿತು.

ಮೈಲೋ ತಕ್ಕಡಿಯ ಗುಂಡನ್ನು ನೂರ ತೊಂಬತ್ತೇಳಕ್ಕೆ ಇಟ್ಟ. ದಂಡ ಟಣ್ಣೆಂದು ಮೇಲಕ್ಕೆ ಹೊಡೆಯಿತು. ಗುಂಡು ಸರಿಸಿದ, ಇನ್ನೂ ಸರಿಸಿದ. ಇನ್ನೂರ ಆರರ ಹತ್ತಿರ ದಂಡ ಸಮಾಧಾನವಾಯಿತು.

"ಏನಯ್ಯಾ ಇದು!" ಎಂದು ಮೈಲೋ ಕೇಕೆ ಹಾಕಿದ. "ನಾಲಿಗೆ ಕಟ್ಟಿಹಾಕೋ ಪಟ್ಟು ಏನಾಯ್ತೋ?"

ಲೈಲ್ ತಕ್ಕಡಿಯಿಂದ ಇಳಿದ. ಹುಡುಗನ ಹೆಸರು ಎತ್ತಿದ್ದರೆ ಅರ್ಧ ಊರು ಅಯ್ಯೋ ಎನ್ನುತ್ತಿತ್ತು, ಕುರ್ಚಿಯೂ ಉಳಿಯುತ್ತಿತ್ತೇನೋ. ಆದರೆ ಹಸಿವಿಗೆ ಬೇಕರಿಯಲ್ಲಿ ಕುಸಿದುಬಿದ್ದ ಸಂಗತಿ ಊರೆದುರಿಗೆ ಬಂದರೆ ಹುಡುಗ ತಲೆ ಎತ್ತಲಾರ. ಲೈಲ್‌ಗೆ ಇಷ್ಟಾದರೂ ಗೊತ್ತಿತ್ತು.

ಡಾಕ್ಟರ್ ಎಲ್ಗರ್ ನಿಧಾನವಾಗಿ ತಕ್ಕಡಿಯ ಹತ್ತಿರ ಬಂದರು. ಪಡಸಾಲೆಯ ಅವಮಾನವನ್ನು ಅವರು ಮರೆತಿರಲಿಲ್ಲ. ಮುಖ ಹತ್ತಿರ ತಂದು, ಇಡೀ ಜಿಮ್ಮಿಗೆ ಕೇಳಿಸುವಂತೆ ಹೇಳಿದರು.

"ಕುಬಿಚೆಕ್, ಒಂದ್ಸಲ ನಗು."

ಲೈಲ್ ಅವರನ್ನು ನೋಡಿದ. ಬೇರೆ ದಾರಿಯಿರಲಿಲ್ಲ. ಅಗಲಕ್ಕೆ ನಕ್ಕ. ಮೇಲಿನ ಸಾಲು, ಕೆಳಗಿನ ಸಾಲು, ದವಡೆ ಹಲ್ಲು, ಎಲ್ಲೆಲ್ಲೂ ಕರಿ ಗಸಗಸೆ.

ಜಿಮ್ಮಿನ ಚಾವಣಿ ಹಾರಿಹೋಗುವಷ್ಟು ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಡಾಕ್ಟರ್ ಎಲ್ಗರ್. ಕ್ರಿಸ್ಮಸ್ ಆದಾಗಿನಿಂದ ತಡೆದಿಟ್ಟುಕೊಂಡ ನಗುವೆಲ್ಲ ಒಮ್ಮೆಗೇ ಬಂತು, ಮೇಲಿನ ಸೆಟ್ ಜಾರಿ ಕೆಳಗಿನದರ ಮೇಲೆ ಕಟಕ್ಕನೆ ಕೂತಿತು, ಅವರು ಕರವಸ್ತ್ರ ಒತ್ತಿಕೊಂಡು ನಗುತ್ತಲೇ ಇದ್ದರು. ಮುಖ್ಯ ತರಬೇತುದಾರನ ಕೆಲಸ ಬೇಸಿಗೆಯಲ್ಲಿ ನೆಬ್ರಾಸ್ಕಾ ಕಡೆಯ ಒಬ್ಬ ಸಣಕಲನಿಗೆ ಹೋಯಿತು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಲು ಮನಸ್ಸಾಗುವುದಿಲ್ಲ.

"ಕಾರಣ ಏನಾದ್ರೂ ಇದ್ಯಾ?" ಎಂದು ಎಲ್ಗರ್ ಕರವಸ್ತ್ರದೊಳಗಿಂದಲೇ ಕೇಳಿದರು.

ನಾಲಿಗೆಯ ಹಿಡಿತದ ಮೇಲೆ ಅಷ್ಟು ಭಾಷಣ ಮಾಡಿದ್ದ ಲೈಲ್ ಈಗ ಎರಡೇ ಮಾತು ಹೇಳಿದ. "ಹಸಿವಾಗಿತ್ತು ಸರ್."

ಮೈಲೋನ ಕೈಯಿಂದ ಸಿಂಗ್ಲೆಟ್ ತೆಗೆದುಕೊಂಡು ಅವನು ಬಟ್ಟೆ ಬದಲಿಸುವ ಕೋಣೆಯ ಕಡೆ ಹೊರಟ. ಮ್ಯಾಟಿನ ಅಂಚಿನಲ್ಲಿ ತಂಡದ ಹುಡುಗರು ಸಾಲಾಗಿ ನಿಂತಿದ್ದರು. ಯಾರೂ ನಗುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ವೆಸ್ಲಿ. ಅವನ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಲೈಲ್ ಹತ್ತಿರ ಬರುತ್ತಲೇ ಅವನು, ಯಾರೂ ಹೇಳದೆ, ಅಗಲಕ್ಕೆ ನಕ್ಕ.

ಮುಂದಿನ ಎರಡು ಹಲ್ಲಿನ ನಡುವೆ ಗಸಗಸೆ ಇತ್ತು. ಇಡೀ ಚಳಿಗಾಲ ಹುಡುಕಿದ್ದು ಕೊನೆಗೂ ಸಿಕ್ಕಿತು, ಸಿಕ್ಕ ಜಾಗವೂ ಅವನು ಅನುಮಾನಪಟ್ಟದ್ದೇ. ಲೈಲ್ ಅವನ ಬೆನ್ನು ತಟ್ಟಿ, ಸಿಂಗ್ಲೆಟ್ ಹಾಕಿಕೊಳ್ಳಲು ಒಳಗೆ ಹೋದ.